ಸೂಜಿ ಚುಚ್ಚಿದವರ ರಿಜಿಸ್ಟರು

ನಮ್ಮ ಆಸ್ಪತ್ರೆಯಲ್ಲಿ ಯಾರಿಗೂ ಎಚ್‌ಐವಿ ಭಯ ಹಾಸಿಗೆಯಿಂದ ಬಂದದ್ದಿಲ್ಲ. ಬಂದದ್ದೆಲ್ಲ ಸೂಜಿಯಿಂದ. ನಾನು ಹೇಳುತ್ತಿಲ್ಲ, ರಿಜಿಸ್ಟರು ಹೇಳುತ್ತದೆ. ಆ ರಿಜಿಸ್ಟರು, ಸೋಂಕು ತಡೆಯುವ ಮಾತ್ರೆಗಳ ಬೀರು, ಬೀರುವಿನ ಬೀಗದ ಕೈ ಮೂರೂ ಒಂಬತ್ತು ವರ್ಷದಿಂದ ನನ್ನ ಬಳಿ ಇವೆ. ನಾನು ಇಲ್ಲಿನ ಹಿರಿಯ ನರ್ಸ್. ಬಾಯಿ ಜೋರು ಅನ್ನುತ್ತಾರೆ. ಬಾಯಿ ಜೋರಿಲ್ಲದಿದ್ದರೆ ಇಲ್ಲಿ ಹಿಡಿ ಹತ್ತಿಯೂ ಸಿಗುವುದಿಲ್ಲ.

ವಿಷಯ ಸರಳ. ಸೋಂಕು ತಗುಲಿರಬಹುದು ಎಂಬ ಅನುಮಾನವಿದ್ದವರು ಎಪ್ಪತ್ತೆರಡು ಗಂಟೆಯೊಳಗೆ ಮಾತ್ರೆ ಶುರು ಮಾಡಬೇಕು. ಎಷ್ಟು ಬೇಗ ಬಂದರೆ ಅಷ್ಟು ಒಳ್ಳೆಯದು. ಇಪ್ಪತ್ತೆಂಟು ದಿನ ಒಂದೂ ತಪ್ಪಿಸದೆ ನುಂಗಬೇಕು. ಆದರೆ ನಮ್ಮ ಫಾರಂ ತಯಾರಿಸಿದ ಪುಣ್ಯಾತ್ಮರು ‘ಹೇಗಾಯಿತು’ ಅನ್ನುವಲ್ಲಿ ಮೂರೇ ಚೌಕ ಹಾಕಿದ್ದಾರೆ: ಸೂಜಿ, ಬ್ಲೇಡು, ರಕ್ತ ಸಿಡಿದದ್ದು. ಮನುಷ್ಯರು ಇನ್ನೊಂದು ಕೆಲಸವನ್ನೂ ಮಾಡುತ್ತಾರೆ ಎಂಬುದು ಅವರಿಗೆ ಹೊಳೆದೇ ಇಲ್ಲ. ಅವರೆಲ್ಲ ಹೇಗೆ ಹುಟ್ಟಿದರೋ ದೇವರೇ ಬಲ್ಲ.

ಹಾಗಾಗಿ ಬಂದವರಿಗೆಲ್ಲ ಸೂಜಿಯೇ ಚುಚ್ಚಿರುತ್ತದೆ. ಅಡುಗೆಮನೆಯ ಮೇಲ್ವಿಚಾರಕನಿಗೆ ಚುಚ್ಚಿತು. ಲೆಕ್ಕದ ಗುಮಾಸ್ತನಿಗೆ ಚುಚ್ಚಿತು. ಲಿಫ್ಟಿನವನಿಗೆ ಎರಡು ಸಲ ಚುಚ್ಚಿತು, ಎರಡೂ ಸಲ ಹೆಂಡತಿ ತವರಿಗೆ ಹೋಗಿದ್ದಾಗ. ಹೋದ ವರ್ಷ ಒಟ್ಟು ಹತ್ತೊಂಬತ್ತು ಸೂಜಿ. ಮೇಲಿನ ಕಚೇರಿಯವರು ಗಾಬರಿಬಿದ್ದು ಎಲ್ಲರಿಗೂ ಸೂಜಿ ಹಿಡಿಯುವ ತರಬೇತಿ ಕೊಡಿಸಿದರು. ಲಿಫ್ಟಿನವನು ಪ್ರಮಾಣಪತ್ರಕ್ಕೆ ಕಟ್ಟು ಹಾಕಿಸಿ ಲಿಫ್ಟಿನಲ್ಲೇ ನೇತುಹಾಕಿದ್ದಾನೆ.

ಮಂಗಳವಾರ ಬೆಳಿಗ್ಗೆ ಹನ್ನೊಂದಕ್ಕೆ ಒಬ್ಬಳು ಬಂದಳು. ಮೂವತ್ತರ ಆಸುಪಾಸು, ಕನ್ನಡಕದ ಅಂಗಡಿಯಲ್ಲಿ ಕೆಲಸ. ಬಾಗಿಲು ಮುಚ್ಚಿ, ಕುರ್ಚಿ ಎಳೆದುಕೊಂಡು ಕೂತು ನೇರವಾಗಿ ವಿಷಯಕ್ಕೆ ಬಂದಳು.

“ಶನಿವಾರ ಸಂಜೆ ಆರು ಗಂಟೆಗೆ ಕಾಂಡೋಮ್ ಹರಿದುಹೋಯ್ತು. ‘ನೀನು ಟೆಸ್ಟ್ ಮಾಡಿಸಿದೀಯಾ’ ಅಂತ ಅವನನ್ನ ಕೇಳಿದೆ. ಆಗಿನಿಂದ ಫೋನ್ ಎತ್ತುತ್ತಿಲ್ಲ. ನಿನ್ನೆ ಎರಡು ಕ್ಲಿನಿಕ್ಕಿಗೆ ಹೋಗಿದ್ದೆ. ಒಬ್ಬರು ಬುದ್ಧಿವಾದ ಹೇಳಿದ್ರು, ಇನ್ನೊಬ್ಬರು ವಿಟಮಿನ್ ಬರ್ಕೊಟ್ರು.”

ಬೆರಳೆಣಿಸಿದೆ. ಗಡುವಿಗೆ ಇನ್ನು ಏಳೇ ಗಂಟೆ. ಕೂಡಲೇ ರಕ್ತ ಪರೀಕ್ಷೆ ಮಾಡಿದೆ, ಸೋಂಕಿಲ್ಲ ಎಂದು ಬಂತು. “ಇದು ಹಳೇದರ ಲೆಕ್ಕ ಅಷ್ಟೇ ಕಣಮ್ಮ, ಶನಿವಾರದ್ದು ಇದರಲ್ಲಿ ಕಾಣಲ್ಲ,” ಎಂದು ತಿಳಿಸಿ, ಫಾರಂ ತೆಗೆದು ಅಭ್ಯಾಸಬಲದಿಂದ ಸೂಜಿಯ ಚೌಕಕ್ಕೆ ಪೆನ್ನು ಇಟ್ಟೆ.

“ಸೂಜಿ ಯಾಕೆ? ನಾನು ಹೇಳಿದ್ದು ಅದಲ್ಲವಲ್ಲ.”

“ಬೇರೆ ಚೌಕ ಇಲ್ಲ. ಮಾತ್ರೆ ಬೇಕೋ ಬೇಡವೋ?”

“ಬೇಕು. ಆದರೆ ನಾನೇನು ಕಳ್ಳತನ ಮಾಡಿ ಬಂದಿದೀನಾ, ಸುಳ್ಳು ಹೇಳಿ ಇಸ್ಕೊಂಡು ಹೋಗೋಕೆ?”

ನನಗೆ ಮೈಯೆಲ್ಲ ಉರಿದುಹೋಯಿತು. ಏಳು ಗಂಟೆ ಉಳಿದಿರುವಾಗ ಸತ್ಯದ ಹಟ ಹಿಡಿದು ಕೂತಿದ್ದಾಳಲ್ಲ, ಮಾತ್ರೆ ಸಿಗದಿದ್ದರೆ ಜೀವಮಾನವಿಡೀ ಅನುಭವಿಸುವವಳು ಇವಳೇ. ಚೆನ್ನಾಗಿ ಬೈದೆ. ಅವಳು ಜಗ್ಗಲಿಲ್ಲ. ಅವಳು ಹೇಳಿದ್ದನ್ನೇ ಫಾರಮ್ಮಿನ ಅಂಚಿನಲ್ಲಿ ಬರೆದೆ. ಸೂಜಿಯಾದರೆ ಸೂಪರಿಂಟೆಂಡೆಂಟರ ಸಾಕ್ಷಿ ಸಹಿ ಆಮೇಲೆ ಹಾಕಿಸಿದರೂ ನಡೆಯುತ್ತದೆ, ಚೌಕದ ಹೊರಗೆ ಬರೆದರೆ ಮೊದಲೇ ಅವರ ಒಪ್ಪಿಗೆಯ ಸಹಿ ಬೇಕು. ಅವಳನ್ನೂ ಕರೆದುಕೊಂಡು ಅವರ ಕೋಣೆಗೆ ಹೋದೆ.

ಸಾಹೇಬರು ಅಂಚಿನ ಬರಹ ಓದಿ, ಕಾಗದವನ್ನು ಎರಡು ಬೆರಳಲ್ಲಿ ದೂರ ಸರಿಸಿದರು.

“ಇಂಥದಕ್ಕೆಲ್ಲ ಸಮಿತಿ ಇದೆ. ಗುರುವಾರದ ಸಭೆಗೆ ಇಡೋಣ.”

“ಇವತ್ತು ಸಂಜೆ ಆರಕ್ಕೆ ಗಡುವು ಮುಗಿಯುತ್ತೆ ಸರ್.”

“ಹಾಗಾದ್ರೆ ಸೂಜಿ ಅಂತ ಬರ್ಕೊಂಡು ಬನ್ನಿ, ಈಗಲೇ ಸಹಿ ಹಾಕ್ತೀನಿ. ನಾನೇನು ಕಟುಕನಾ? ನಮ್ಮ ಆಸ್ಪತ್ರೆಯಲ್ಲಿ ಇಲ್ಲೀವರೆಗೂ ಇಂಥ ಕೇಸು ಒಂದೂ ಬಂದಿಲ್ಲ. ನನ್ನ ಕಾಲದಲ್ಲೇ ಶುರುವಾಗೋದು ಬೇಡ.”

ಹುಡುಗಿ ಗೋಡೆಯ ಗಡಿಯಾರ ನೋಡುತ್ತಿದ್ದಳು. ಆದರೂ ಸೂಜಿ ಅನ್ನಲಿಲ್ಲ. ಅದನ್ನು ನೋಡಿ ನನಗೆ ನಾಚಿಕೆಯಾಯಿತು.

“ಬಂದಿದೆ ಸರ್,” ಎಂದೆ. “ಬೇರೆಯವರದ್ದು ಹೇಳೋಕೆ ನನಗೆ ಹಕ್ಕಿಲ್ಲ, ನನ್ನದು ಹೇಳ್ತೀನಿ. ಹೋದ ವರ್ಷದ ಹನ್ನೊಂದನೇ ಸೂಜಿ ನನ್ನದು. ಅದು ಸೂಜಿ ಅಲ್ಲ, ನಮ್ಮನೆಯವರು. ಕೆಲಸದ ಮೇಲೆ ಹೊರಗೆ ಹೋಗಿದ್ದೋರು ಏನು ಮಾಡ್ಕೊಂಡು ಬಂದ್ರು ಅನ್ನೋದು ನನಗೆ ಮೂರನೇ ದಿನ ಬೇರೆಯವರ ಬಾಯಿಂದ ಗೊತ್ತಾಯ್ತು. ಸೂಜಿ ಚುಚ್ಚಿದ್ದನ್ನ ಕಣ್ಣಾರೆ ಕಂಡೆ ಅಂತ ಸಾಕ್ಷಿ ಸಹಿ ಹಾಕಿದೋರು ನೀವೇ.”

ಸಾಹೇಬರು ಒಂಬತ್ತು ವರ್ಷದಲ್ಲಿ ಎಷ್ಟು ಸೂಜಿಗಳನ್ನು ಕಣ್ಣಾರೆ ಕಂಡಿದ್ದರೋ, ಅವನ್ನೆಲ್ಲ ಮನಸ್ಸಿನಲ್ಲೇ ಎಣಿಸುತ್ತಿದ್ದಂತೆ ಕಂಡಿತು. ಆಮೇಲೆ ಪೆನ್ನು ಹುಡುಕಿ ಸಹಿ ಹಾಕಿ, ಕಾಗದವನ್ನು ಮಗುಚಿ ನನ್ನ ಕೈಗಿಟ್ಟರು.

ಹನ್ನೆರಡೂ ಕಾಲಿಗೆ ಅವಳು ಮೊದಲ ಮಾತ್ರೆ ನುಂಗಿದಳು. ನನಗೆ ಅಳು ಬರುವಷ್ಟು ಸಮಾಧಾನವಾಯಿತು. ಸೂಜಿಯವರಿಗೆಲ್ಲ ಹೇಳುವುದನ್ನೇ ಅವಳಿಗೂ ಹೇಳಿದೆ.

“ದಿನಾ ಒಂದೇ ಹೊತ್ತಿಗೆ ತಗೋಬೇಕು. ವಾಕರಿಕೆ ಬಂದ್ರೂ ಬಿಡಬಾರದು, ಇಲ್ಲಿಗೆ ಬಾ. ಆರು ವಾರಕ್ಕೊಂದು, ಮೂರು ತಿಂಗಳಿಗೊಂದು ಟೆಸ್ಟ್. ಆ ಮಹಾಶಯ ಫೋನ್ ಎತ್ತಿದ್ರೆ ಕರ್ಕೊಂಡು ಬಾ, ಅವನಿಗೂ ಟೆಸ್ಟ್ ಮಾಡಲೇಬೇಕು.”

ಅವಳು ನೀರಿನ ಲೋಟ ಕೆಳಗಿಟ್ಟಳು.

“ಸಿಸ್ಟರ್, ನಿಮ್ಮನೆಯವರಿಗೆ ಮಾಡಿಸಿದ್ರಾ?”

ಸೂಜಿ ಚುಚ್ಚಿದ್ದಕ್ಕೆ ಗಂಡನಿಗೆ ಪರೀಕ್ಷೆ ಮಾಡಿಸುತ್ತಾರೆಯೇ? ನಾನು ಮನೆಯಲ್ಲೂ ಸೂಜಿ ಎಂದೇ ಹೇಳಿದ್ದೆ. ಪಾಪ, ಇಪ್ಪತ್ತೆಂಟು ದಿನವೂ ಹಾಲು ಕಾಯಿಸಿ, ಮಾತ್ರೆ ಎಣಿಸಿ ಕೈಗೆ ಕೊಟ್ಟರು. ಇಂಥ ಕೆಟ್ಟ ಸೂಜಿ ತರಿಸುವ ಆಸ್ಪತ್ರೆಗೆ ಹಿಡಿಶಾಪ ಹಾಕಿದರು. ನನ್ನ ಮೂರು ತಿಂಗಳ ಪರೀಕ್ಷೆಯಲ್ಲಿ ಏನೂ ಇಲ್ಲವೆಂದು ಬಂದಾಗ ಅತ್ತೇಬಿಟ್ಟರು. ವಿಷಯ ಗೊತ್ತಾದ ದಿನದಿಂದ ಇವತ್ತಿನವರೆಗೂ ನಾನು ಬೆನ್ನುನೋವಿನ ನೆಪ ಹೇಳಿ ಬೇರೆ ಕೋಣೆಯಲ್ಲಿ ಮಲಗುತ್ತಿದ್ದೇನೆ. ಅವರ ಪರೀಕ್ಷೆ ಆಗಿಲ್ಲ.

“ಇಲ್ಲ,” ಎಂದೆ.

“ಫೋನ್ ಮಾಡಿ. ನಾನು ಇಲ್ಲೇ ಕೂತಿರ್ತೀನಿ.”

ಮೊದಲ ರಿಂಗಿಗೇ ಎತ್ತಿಕೊಂಡರು. ಕೆಲಸದ ಹೊತ್ತಿನಲ್ಲಿ ನಾನು ಎಂದೂ ಫೋನ್ ಮಾಡುವವಳಲ್ಲ. ಅವರ ದನಿಯಲ್ಲಿ ಗಾಬರಿಯಿತ್ತು.

“ಏನಾಯ್ತೇ? ಮತ್ತೆ ಸೂಜಿ ಚುಚ್ಚಿತಾ?”

“ಇಲ್ಲ,” ಎಂದೆ. “ಹೋದ ವರ್ಷವೂ ಚುಚ್ಚಿರಲಿಲ್ಲ.”