ತುಟಿ ಕಾಣದ ದೃಶ್ಯ

"ಹಾಗಾದ್ರೆ ರೈಲಿನದ್ದೇ ಹಾಕ್ತೀನಿ," ಎಂದು ಅಳಿಯ ರಿಮೋಟು ಕೈಗೆತ್ತಿಕೊಂಡ. ಮಗಳು ಒಪ್ಪಲಿಲ್ಲ. ರೈಲಿನದ್ದರಲ್ಲಿ ಬರೀ ಹೊಡೆದಾಟ, ಅಪ್ಪನಿಗೆ ಮಾತೇ ಇಲ್ಲ, ಹಿಮದ್ದು ಹಾಕಿ ಎಂದಳು. ಹಿಮದ್ದರಲ್ಲಿ ಹೀರೋ ಅರ್ಧ ಸಿನಿಮಾ ಆಸ್ಪತ್ರೆಯ ಮಂಚದ ಮೇಲೇ ಇರ್ತಾನೆ, ಇವತ್ತು ಅದ್ಯಾಕೆ ಎಂದುಬಿಟ್ಟ ಅಳಿಯ, ಅಂದ ಮೇಲೆ ನಾಲಿಗೆ ಕಚ್ಚಿಕೊಂಡ. ಸೋಫಾದ ಮೂಲೆಯಲ್ಲಿ ಕತ್ತಿಗೆ ಮಫ್ಲರ್ ಸುತ್ತಿಕೊಂಡು ಕೂತಿದ್ದ ಏಜೆಂಟರು ಕೇಳಿಸದವರ ಹಾಗೆ ಕಿಟಕಿಯ ಕಡೆ ನೋಡಿದರು. ಸಂಜೆಗೆ ಆಸ್ಪತ್ರೆಗೆ ಸೇರಬೇಕಿತ್ತು. ಬೆಳಗಾದರೆ ಗಂಟಲಿನ ಗಡ್ಡೆಯ ಜೊತೆಗೆ ಧ್ವನಿಪೆಟ್ಟಿಗೆಯನ್ನೂ ತೆಗೆದುಬಿಡುತ್ತಾರೆ. ಆಮೇಲೆ ಮಾತಿಲ್ಲ. ಹೋಗುವ ಮುಂಚೆ ಎಲ್ಲರೂ ಒಟ್ಟಿಗೆ ಕೂತು ಅಪ್ಪನ ಒಂದು ಸಿನಿಮಾ ನೋಡೋಣ ಎಂಬುದು ಮಗಳ ಆಸೆ. ಯಾವುದು ಎಂಬಲ್ಲಿಗೆ ಬಂದು ಎಲ್ಲವೂ ನಿಂತಿತ್ತು.

ಏಜೆಂಟರೆಂದರೆ ನಿಜವಾದ ಏಜೆಂಟರೇನಲ್ಲ. ಪರಭಾಷೆಯ ಗೂಢಚಾರನೊಬ್ಬನ ಸಿನಿಮಾಗಳು ಒಂದರ ಹಿಂದೊಂದು ಬರತೊಡಗಿದಾಗ, ಮೊದಲನೆಯದರಿಂದ ಹಿಡಿದು ಮೊನ್ನೆ ಮೊನ್ನೆಯದರವರೆಗೂ ಆ ಗೂಢಚಾರನಿಗೆ ನಮ್ಮ ಮಾತಿನಲ್ಲಿ ದನಿ ಕೊಟ್ಟವರು ಇವರು. ತೆರೆಯ ಮೇಲಿನ ಮುಖಗಳು ಬದಲಾದವು. ಒಬ್ಬನಿಗೆ ವಯಸ್ಸಾಯಿತು, ಒಬ್ಬ ಜಗಳವಾಡಿಕೊಂಡು ಬಿಟ್ಟುಹೋದ, ಇನ್ನೊಬ್ಬ ಬಂದ. ದನಿ ಮಾತ್ರ ಅದೇ. ಬೀದಿಯವರೆಲ್ಲ ಏಜೆಂಟರು, ಏಜೆಂಟರು ಎಂದು ಕರೆದು ಕರೆದು, ಹೊಸದಾಗಿ ಬಂದ ಬಾಡಿಗೆಯವರೊಬ್ಬರು ವಿಮೆ ಮಾಡಿಸಬೇಕಿತ್ತು ಎಂದು ಬಾಗಿಲು ತಟ್ಟಿದ್ದೂ ಉಂಟು. ಗಂಟಲಿನ ವಿಷಯ ಡಾಕ್ಟರು ಬಾಯಿಬಿಟ್ಟು ಹೇಳಿದ ದಿನವೂ ಅವರು ತಮಾಷೆ ಬಿಡಲಿಲ್ಲ. ಇಷ್ಟು ವರ್ಷ ಕಂಠದಾನ ಕಂಠದಾನ ಅಂತ ಬಾಯಿಮಾತಿಗೆ ಹೇಳ್ತಿದ್ರು, ಈಗ ನಿಜಕ್ಕೂ ಕೊಡೋ ಹಾಗಾಯ್ತು ನೋಡಿ ಎಂದು ನಕ್ಕಿದ್ದರು. ಡಾಕ್ಟರೂ ನಕ್ಕರು. ಪಕ್ಕದ ಕುರ್ಚಿಯಲ್ಲಿದ್ದ ಹೆಂಡತಿ ಮಾತ್ರ ತನ್ನ ಕೈಚೀಲದ ಜಿಪ್ಪನ್ನು ಎಳೆಯುತ್ತಾ, ಮುಚ್ಚುತ್ತಾ ಕೂತಿದ್ದಳು.

ಉಳಿದಿರುವುದು ಚೂರುಪಾರು ದನಿ, ಜೋಪಾನ ಎಂದಿದ್ದರು ಡಾಕ್ಟರು. ಬೆಳಿಗ್ಗೆಯಿಂದ ಏಜೆಂಟರು ಬಾಯಿ ತೆರೆದಿರಲಿಲ್ಲ. ಏನಾದರೂ ಹೇಳಪ್ಪಾ, ರೆಕಾರ್ಡ್ ಮಾಡಿಟ್ಕೋತೀನಿ ಎಂದು ಮಗಳು ಫೋನು ಮುಂದೆ ಹಿಡಿದಾಗಲೂ ಕೈಯಾಡಿಸಿ ಬೇಡವೆಂದರು. ಅವಳ ಮುಖ ಸಣ್ಣದಾಯಿತು. ನೋಡಿ ಸಂಕಟವಾಯಿತು, ಆದರೂ ಬಾಯಿ ಬಿಡಲಿಲ್ಲ. ಆ ಚೂರುಪಾರನ್ನು ಅವರು ಹೆಂಡತಿಗೆಂದು ಎತ್ತಿಟ್ಟಿದ್ದರು. ಹೊರಡುವ ಮುಂಚೆ ಅವಳೊಬ್ಬಳೇ ಇರುವಾಗ ಒಂದು ಮಾತು ಆಡಬೇಕು. ಯಾವ ಮಾತು ಎಂಬುದೇ ಹೊಳೆಯುತ್ತಿರಲಿಲ್ಲ. ಜನ್ಮವಿಡೀ ಬೇರೆಯವರು ಬರೆದುಕೊಟ್ಟದ್ದನ್ನು ಆಡಿದ ಬಾಯಿ. ಸ್ವಂತದ್ದೊಂದು ಹುಡುಕಹೊರಟರೆ ನಾಯಕಿಗೆ ಹೇಳಿದ ಡೈಲಾಗುಗಳೇ ಮುಂದೆ ಬಂದು ನಿಲ್ಲುತ್ತಿದ್ದವು. ಅದನ್ನು ಇವಳಿಗೆ ಹೇಳಿದರೆ, ತಲೆಗಿಲೆ ಕೆಟ್ಟಿದೆಯಾ ಎಂದಾಳು.

ಈ ಮನೆಗೆ ಮೌನ ಹೊಸದಲ್ಲ. ಡಬ್ಬಿಂಗ್ ಇದೆಯೆಂದರೆ ಅದಕ್ಕೆ ಮುಂಚಿನ ಎರಡು ಮೂರು ದಿನ ಏಜೆಂಟರು ಮನೆಯಲ್ಲಿ ಮಾತಾಡುತ್ತಿರಲಿಲ್ಲ. ದನಿಗೆ ವಿಶ್ರಾಂತಿ ಬೇಕು. ಚಿಟಿಕೆ ಹೊಡೆದರೆ ಬಿಸಿನೀರು. ಮೇಜಿನ ಮೇಲೆ ಬೆರಳ ಗೆಣ್ಣು ತಟ್ಟಿದರೆ ಮಗಳ ಗಲಾಟೆ ನಿಲ್ಲಬೇಕು. ಕತ್ತಿನ ಮೇಲೆ ಅಂಗೈ ಇಟ್ಟುಕೊಂಡರೆ, ಇವತ್ತು ಮಾತಿಲ್ಲ, ನನ್ನನ್ನು ಮಾತಾಡಿಸಬೇಡಿ ಎಂದರ್ಥ. ನಮ್ಮಪ್ಪ ಥಿಯೇಟರಿನಲ್ಲಿ ಮಾತ್ರ ಮಾತಾಡ್ತಾರೆ ಎಂದು ಮಗಳು ಸ್ಕೂಲಿನಲ್ಲಿ ಹೇಳಿಕೊಂಡು ಬಂದಿದ್ದಳು. ಮಾತು ಬೆಳ್ಳಿ ಮೌನ ಬಂಗಾರ ಎಂದು ಯಾರೋ ನೆಂಟರು ಹೊಗಳಿದರೆ, "ಹೌದು, ಇವರು ಬೆಳ್ಳೀನೆಲ್ಲ ಹೊರಗೆ ಖರ್ಚು ಮಾಡಿ ನನಗೆ ಬರೀ ಬಂಗಾರ ತಂದ್ಕೊಡ್ತಾರೆ. ಹಾಕ್ಕೊಳ್ಳೋಕೂ ಬರಲ್ಲ, ಅಡ ಇಡೋಕೂ ಬರಲ್ಲ," ಎಂದಿದ್ದಳು ಹೆಂಡತಿ. ಎಲ್ಲರೂ ನಕ್ಕಿದ್ದರು. ಆಕೆ ಈ ಸಿನಿಮಾಗಳಲ್ಲಿ ಒಂದನ್ನೂ ನೋಡಿದವಳಲ್ಲ ಎಂದೇ ಮನೆಯವರ ತಿಳಿವಳಿಕೆ. ಪಾಸು ತಂದುಕೊಟ್ಟರೆ ಪಕ್ಕದ ಮನೆಯವರಿಗೆ ಕೊಟ್ಟುಬಿಡುತ್ತಿದ್ದಳು. ಗುಂಡು ಹಾರಿಸೋದು ನೋಡಿದ್ರೆ ನನಗೆ ತಲೆನೋವು ಎನ್ನುತ್ತಿದ್ದಳು. ಏಜೆಂಟರೂ ಬಲವಂತ ಮಾಡಲಿಲ್ಲ.

ಮಾವ, ನೀವೇ ಹೇಳಿ ನಿಮ್ಮ ಫೇವರಿಟ್ ಯಾವುದು ಎಂದು ಅಳಿಯ ಕೊನೆಗೆ ಅವರ ಕಡೆಗೇ ತಿರುಗಿದ. ಹಿಮದ್ದಾ, ರೈಲಿನದ್ದಾ, ದ್ವೀಪದ್ದಾ ಎಂದು ಬೆರಳು ಮಡಚುತ್ತಾ ಕೇಳಿದ. ಸಂದರ್ಶನಗಳಲ್ಲಿ ಈ ಪ್ರಶ್ನೆ ಬಂದಾಗಲೆಲ್ಲ ದ್ವೀಪದ್ದು ಎಂದು ಹೇಳಿ ಏಜೆಂಟರಿಗೆ ರೂಢಿ. ಅದರಲ್ಲಿ ದನಿ ಚಿನ್ನದ ಹಾಗಿತ್ತು. ತಲೆಯಾಡಿಸಬೇಕು ಅನ್ನುವಷ್ಟರಲ್ಲಿ ಅಡುಗೆಮನೆಯ ಬಾಗಿಲಲ್ಲಿ ಲೋಟ ಒರೆಸುತ್ತಾ ನಿಂತಿದ್ದ ಹೆಂಡತಿ, "ಮಳೆಯದ್ದು ಹಾಕು," ಎಂದಳು.

ಮೂವರೂ ತಿರುಗಿ ನೋಡಿದರು. ಮಳೆಯದ್ದು ಸರಣಿಯಲ್ಲೇ ಸೋತ ಸಿನಿಮಾ. ಎರಡನೇ ವಾರಕ್ಕೆ ತಿಪ್ಪರಲಾಗ ಹಾಕಿದರೂ ಟಿಕೆಟು ಹೋಗಿರಲಿಲ್ಲ. ಅಮ್ಮಾ, ನಿನಗೆ ಅದು ಹೇಗೆ ಗೊತ್ತು ಎಂದು ಮಗಳು ಕೇಳಿದರೆ, ನೀವೆಲ್ಲ ಮಾತಾಡಿಕೊಳ್ಳೋದು ಕೇಳಿಲ್ವಾ ಎಂದು ಆಕೆ ಲೋಟ ಬೆಳಕಿಗೆ ಹಿಡಿದು ನೋಡಿದಳು. ಅಳಿಯನಿಗೆ ಮಾತ್ರ ಹುರುಪು ಬಂದುಬಿಟ್ಟಿತು. ಅತ್ತೆ, ಭಲೇ ಆರಿಸಿದ್ರಿ, ಅದರಲ್ಲೇ ಅಲ್ವಾ ಆ ಫೋನ್ ಸೀನ್ ಇರೋದು ಎಂದ.

ಫೋನ್ ಸೀನಿನದ್ದು ಒಂದು ದೊಡ್ಡ ಕಥೆ. ಸುರಿಯುವ ಮಳೆಯಲ್ಲಿ ಗೂಢಚಾರ ರಸ್ತೆಬದಿಯ ಫೋನ್ ಡಬ್ಬಿಯೊಳಗೆ ನುಗ್ಗಿ, ನಮಗೆ ಬೆನ್ನು ಹಾಕಿ, ಯಾರಿಗೋ ಫೋನ್ ಮಾಡುತ್ತಾನೆ. ಊಟ ಮಾಡಿದೆಯಾ ಎಂದು ಕೇಳುತ್ತಾನೆ. ಹೆಂಡತಿ ಮಕ್ಕಳಿಲ್ಲದ, ಎಲ್ಲೂ ಒಂದು ರಾತ್ರಿಗಿಂತ ಹೆಚ್ಚು ನಿಲ್ಲದ ಆಸಾಮಿ ಊಟದ ವಿಷಯ ವಿಚಾರಿಸುವಂಥ ವ್ಯಕ್ತಿ ಯಾರು? ಅಭಿಮಾನಿಗಳು ಈ ಬಗ್ಗೆ ವರ್ಷಗಟ್ಟಲೆ ತಲೆ ಕೆಡಿಸಿಕೊಂಡಿದ್ದರು. ಗುಟ್ಟಾಗಿ ಮದುವೆಯಾಗಿದ್ದಾನೆ ಎಂದು ಒಂದು ಪಂಗಡ, ಅದು ಸಂಕೇತಭಾಷೆ ಎಂದು ಇನ್ನೊಂದು. ಬೇರೆ ಯಾವ ಭಾಷೆಯಲ್ಲೂ ಆ ಮಾತು ಇಲ್ಲವೆಂದು ಯಾರೋ ಪತ್ತೆ ಹಚ್ಚಿದ ಮೇಲಂತೂ ಗಲಾಟೆ ಇನ್ನೂ ಜೋರಾಯಿತು. ಅಳಿಯ ಮದುವೆಗೆ ಮುಂಚೆ ಮನೆಗೆ ಬಂದ ಮೊದಲ ದಿನವೇ ಕೇಳಿದ್ದ. ಬಾಸಿಗೆ ಕಣಪ್ಪ ಎಂದು ಏಜೆಂಟರು ನಗಾಡಿ ತೇಲಿಸಿಬಿಟ್ಟಿದ್ದರು.

ನಿಜ ಇಷ್ಟೇ. ಆ ದೃಶ್ಯದ ಮಾತು ಬರೆದ ಹಾಳೆ ಬಂದಿರಲಿಲ್ಲ. ಅನುವಾದಕರು ಊರಲ್ಲಿಲ್ಲ, ಬಿಡುಗಡೆ ತಲೆಯ ಮೇಲಿದೆ. ತುಟಿ ಕಾಣಲ್ಲ ಸಾರ್, ಏನಾದ್ರೂ ತುಂಬಿಬಿಡಿ ಎಂದ ಸೌಂಡ್ ಎಂಜಿನಿಯರ್. ಬಾಯಿ ಕಾಣದ ಕಡೆ ಏನು ಆಡಿದರೂ ನಡೆಯುತ್ತದೆ, ಅದು ಈ ಕಸುಬಿನ ಸಲಿಗೆ. ಏಜೆಂಟರು ಕತ್ತಲ ಕೋಣೆಯಲ್ಲಿ ಹೆಡ್‌ಫೋನ್ ಹಾಕಿಕೊಂಡು, ಆ ಒದ್ದೆ ಬೆನ್ನನ್ನು ನೋಡುತ್ತಾ, ಬಾಯಿಗೆ ಬಂದದ್ದನ್ನು ಆಡಿದ್ದರು. ಅದೇ ವಾರ ಅವರಿಗೆ ಹುಟ್ಟಿದ್ದ ಮೊದಲ ಮಗು, ಗಂಡುಮಗು, ಎರಡು ದಿನ ಬದುಕಿ ಹೋಗಿತ್ತು. ಹೆಂಡತಿ ಇನ್ನೂ ಆಸ್ಪತ್ರೆಯಲ್ಲೇ ಇದ್ದಳು. ಈ ಮಗಳು ಹುಟ್ಟಿದ್ದು ಅದೆಷ್ಟೋ ವರ್ಷದ ಮೇಲೆ. ಹೋದ ಮಗುವಿನ ಮಾತು ಈ ಮನೆಯಲ್ಲಿ ಮತ್ತೆ ಬಂದಿರಲಿಲ್ಲ.

ಪರದೆ ಎಳೆದರು, ಸಿನಿಮಾ ಶುರುವಾಯಿತು. ಹೆಂಡತಿ ಬಂದು ಸೋಫಾದ ಇನ್ನೊಂದು ತುದಿಯಲ್ಲಿ ಕೂತಳು. ತಲೆನೋವಿನ ಸುದ್ದಿ ಎತ್ತಲಿಲ್ಲ. ಏಜೆಂಟರಿಗೆ ಸಿನಿಮಾದ ಮೇಲೆ ಗಮನ ನಿಲ್ಲಲಿಲ್ಲ. ತಮ್ಮದೇ ಹಳೆಯ ದನಿ ಅಷ್ಟು ಸಲೀಸಾಗಿ ಗೋಡೆಯಿಂದ ಗೋಡೆಗೆ ಓಡಾಡುವುದನ್ನು ಕೇಳುತ್ತಾ ಹೊಟ್ಟೆಕಿಚ್ಚಾಯಿತು. ಮಗಳು ಅವರ ಕೈ ಹಿಡಿದುಕೊಂಡಳು. ಗುಂಡು ಹಾರಿದವು, ಕಾರುಗಳು ಉರುಳಿದವು. ಆಮೇಲೆ ಮಳೆ ಬಂತು, ಫೋನ್ ಡಬ್ಬಿ ಬಂತು, ಒದ್ದೆ ಕೋಟಿನ ಬೆನ್ನು ಬಂತು. ಅಳಿಯ ಟಿವಿಯ ದನಿ ಏರಿಸಿದ.

"ನಾನು. ಹ್ಞೂ, ನಾನೇ. ಊಟ ಮಾಡಿದ್ಯಾ?" ಎಂದಿತು ಬೆನ್ನು. "ಒಂಚೂರಾದ್ರೂ ತಿನ್ನು. ಬರ್ತೀನಿ. ಅಳಬೇಡ. ಅಳೋ ಹಾಗಿದ್ರೆ ಅತ್ತುಬಿಡು, ನಾನು ಫೋನ್ ಇಡಲ್ಲ."

ಏಜೆಂಟರು ಅದೇಕೋ ಹೆಂಡತಿಯ ಕಡೆ ನೋಡಿದರು. ಆಕೆಯ ಕಣ್ಣು ಟಿವಿಯ ಮೇಲಿತ್ತು. ತುಟಿ ಅಲ್ಲಾಡುತ್ತಿತ್ತು. ತೆರೆಯ ಮೇಲಿನ ತುಟಿಗಳನ್ನು ನೋಡಿ ನೋಡಿಯೇ ಅನ್ನ ಉಂಡವರು ಅವರು, ಯಾವ ತುಟಿ ಯಾವ ಅಕ್ಷರಕ್ಕೆ ಮುಚ್ಚುತ್ತದೆ, ಎಲ್ಲಿ ತೆರೆಯುತ್ತದೆ ಎಂದು ಅವರಿಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ. ಒಂದು ಮಾತ್ರೆಯೂ ಹಿಂದುಮುಂದಾಗದೆ, ಉಸಿರು ತೆಗೆದುಕೊಳ್ಳುವ ಕಡೆ ಉಸಿರು ತೆಗೆದುಕೊಂಡು, ಆಕೆ ಅವರ ಮಾತನ್ನು ಆಡುತ್ತಿದ್ದಳು. ಒಂದು ಸಲ ಕೇಳಿದವರಿಗೆ ಅದು ಬರುವುದಿಲ್ಲ. ದೃಶ್ಯ ಮುಗಿದದ್ದೇ ಆಕೆ ಎದ್ದು, ಬ್ಯಾಗಿಗೆ ಬಟ್ಟೆ ಹಾಕಬೇಕು ಎಂದು ಒಳಗೆ ಹೋದಳು.

ಮಗಳ ಕೈ ಬಿಡಿಸಿಕೊಂಡು ಏಜೆಂಟರೂ ಎದ್ದು ಹೋದರು. ಮಲಗುವ ಕೋಣೆಯಲ್ಲಿ ಆಕೆ ಬಾಗಿಲಿಗೆ ಬೆನ್ನು ಹಾಕಿ, ಮಂಚದ ಮೇಲಿನ ಬ್ಯಾಗಿಗೆ ಟವೆಲು, ಬನಿಯನ್ನು ತುಂಬುತ್ತಿದ್ದಳು. ಅವರು ಬಂದದ್ದು ಆಕೆಗೆ ಗೊತ್ತಾಯಿತು. ತಿರುಗಲಿಲ್ಲ.

"ಥಿಯೇಟರಲ್ಲಿ ನೋಡಿದ್ದೆ," ಎಂದಳು. "ಆಗ ಮನೇಲಿ ಒಬ್ಬಳೇ ಇರೋಕೆ ಆಗ್ತಿರಲಿಲ್ಲ. ನಿಮ್ಮ ದನಿನಾದ್ರೂ ಕೇಳೋಣ ಅಂತ ಹೋದೆ. ಹೋದ್ರೆ ಇದು."

ಏಜೆಂಟರು ಬಾಗಿಲ ಚೌಕಟ್ಟು ಹಿಡಿದು ನಿಂತರು.

"ಮಗು ಹೋದ ಮಾರನೇ ದಿನ ವಾರ್ಡಿಗೆ ಬಂದ್ರಿ. ನಾನು ನಿಮ್ಮ ಬಾಯಿನೇ ನೋಡ್ತಿದ್ದೆ, ಏನಾದ್ರೂ ಅಂತಾರೆ ಅಂತ. ನೀವು ಕತ್ತಿನ ಮೇಲೆ ಕೈ ಇಟ್ಕೊಂಡ್ರಿ." ಆಕೆ ಬನಿಯನ್ನೊಂದನ್ನು ಬಿಡಿಸಿ ಮತ್ತೆ ಮಡಚಿದಳು. "ಆಮೇಲೆ ಹೋಗಿ ಮೈಕಿಗೆ ಹೇಳಿದ್ರಿ. ಹಿಂದಿನ ಸೀಟಲ್ಲಿ ಯಾರೋ ಸಿಳ್ಳೆ ಹಾಕಿದ್ರು. ಊರಿಗೆಲ್ಲ ಹಂಚಿದ ಮೇಲೆ ನನ್ನ ಪಾಲಿಗೆ ಬಂತು. ಅದೇ ಮೇಲು ಅಂತ ಅದು ಓಡೋವರೆಗೂ ಹೋಗ್ತಿದ್ದೆ. ಆ ಸೀನ್ ಮುಗಿದ ಮೇಲೆ ಎದ್ದು ಬರೋದು. ಕೊನೆಗೆ ಏನಾಯ್ತು ಅಂತ ಇವತ್ತಿಗೂ ನನಗೆ ಗೊತ್ತಿಲ್ಲ."

ಬೈದಿದ್ದರೆ ಒಳ್ಳೆಯದಿತ್ತು. ಆಕೆ ಹಾಲಿನವನಿಗೆ ನಾಳೆ ಹಾಲು ಬೇಡ ಎನ್ನುವಷ್ಟೇ ಸಮಾಧಾನದಲ್ಲಿ ಹೇಳಿದ್ದಳು. ಏಜೆಂಟರಿಗೆ ಆ ವಾರ್ಡು ನೆನಪಾಯಿತು, ಮಂಚದ ಕಂಬಿ ಸಮೇತ. ಮರುದಿನ ಡಬ್ಬಿಂಗ್ ಇದ್ದದ್ದು ಸುಳ್ಳಲ್ಲ. ಆದರೆ ಅವತ್ತು ಅವರು ಕತ್ತಿನ ಮೇಲೆ ಕೈ ಇಟ್ಟುಕೊಂಡದ್ದು ದನಿ ಉಳಿಸುವುದಕ್ಕಲ್ಲ. ಏನು ಹೇಳಬೇಕೋ ತಿಳಿಯದೆ ಹೆದರಿದ್ದರು. ಆ ಕೈ ಸನ್ನೆ ಇತ್ತು, ಅದರ ಹಿಂದೆ ಅಡಗಿ ನಿಂತರು.

ಬೆಳಿಗ್ಗೆಯಿಂದ ಹುಡುಕುತ್ತಿದ್ದ ಮಾತು ಈಗ ಕಣ್ಣೆದುರಿಗೇ ಬಿದ್ದಿತ್ತು. ಹೊಸದೇನೂ ಬೇಕಾಗಿರಲಿಲ್ಲ. ಆ ಹಳೆಯದನ್ನೇ, ಮೈಕಿಲ್ಲದೆ, ಈ ಬೆನ್ನಿಗೆ ಹೇಳಿದರೆ ಸಾಕು. ಏಜೆಂಟರು ಮಫ್ಲರ್ ಸಡಿಲಿಸಿ, ಉಸಿರು ತುಂಬಿಕೊಂಡು ಬಾಯಿ ತೆರೆದರು. "ನಾ..." ಎಂದು ಏನೋ ಕೆರೆದ ಹಾಗಾಯಿತು. ಮತ್ತೆ ತೆರೆದರು. ಬರೀ ಗಾಳಿ ಬಂತು. ಬೆಳಿಗ್ಗೆಯಿಂದ ಒಂದು ಹನಿಯೂ ಖರ್ಚು ಮಾಡದೆ ಕೂಡಿಟ್ಟದ್ದು ಒಳಗೇ ಎಲ್ಲೋ ಇಂಗಿ ಹೋಗಿತ್ತು. ಮೂರನೇ ಸಲ ಗಂಟಲ ನರ ಉಬ್ಬುವಷ್ಟು ತಿಣುಕಿದರು. ಮಗಳ ಫೋನಿಗಾದರೂ ಒಂದು ಮಾತು ಆಡಿದ್ದರೆ ಆಗುತ್ತಿತ್ತು ಅನ್ನಿಸಿ ಕಣ್ಣಲ್ಲಿ ನೀರು ಬಂತು.

ಹೆಂಡತಿ ಕಾದಳು. ಬೆನ್ನು ಹಾಗೇ ಇತ್ತು.

ಹೊರಗೆ ಟಿವಿಯ ಮುಂದಿದ್ದ ಅಳಿಯನಿಗೆ ಆ ಫೋನು ಯಾರಿಗೆ ಎಂಬ ಅನುಮಾನ ಇನ್ನೂ ಬಗೆಹರಿದಿರಲಿಲ್ಲವೇನೋ. ಸಿನಿಮಾವನ್ನು ಹಿಂದಕ್ಕೆ ಓಡಿಸಿ ಅದೇ ದೃಶ್ಯವನ್ನು ಮತ್ತೆ ಹಾಕಿದ. ಮಳೆಯ ಸದ್ದು ಒಳಗಿನವರೆಗೂ ಬಂತು. ಅದರ ಹಿಂದೆ ಸ್ವಚ್ಛವಾದ, ಪ್ರಾಯದ ದನಿ.

"ನಾನು. ಹ್ಞೂ, ನಾನೇ. ಊಟ ಮಾಡಿದ್ಯಾ?"

"ಇಲ್ಲ," ಎಂದಳು ಹೆಂಡತಿ, ಗೋಡೆಯ ಕಡೆ ನೋಡುತ್ತಾ. "ಇನ್ನೂ ಇಲ್ಲ."

ಆಸ್ಪತ್ರೆಗೆಂದು ತೆಗೆದಿಟ್ಟಿದ್ದ ಹೊದಿಕೆಯ ಒಂದು ತುದಿ ಆಕೆಯ ಕೈಯಲ್ಲಿತ್ತು, ಇನ್ನೊಂದು ನೆಲಕ್ಕೆ ಇಳಿಬಿದ್ದಿತ್ತು. ದೊಡ್ಡ ಹೊದಿಕೆ, ಒಬ್ಬರಿಂದ ಮಡಚಲಾಗದು. ಏಜೆಂಟರು ಬಗ್ಗಿ ನೆಲದ ಮೇಲಿನ ಮೂಲೆಗಳನ್ನು ಎತ್ತಿ ಹಿಡಿದರು. ಆಗ ಆಕೆ ತಿರುಗಿದಳು. ಹೊರಗೆ ಕಾರು ಬಂದು ಹಾರ್ನ್ ಹಾಕಿತು, ಅಪ್ಪಾ ಹೊರಡೋಣವಾ ಎಂದು ಮಗಳು ಕೂಗಿದಳು. ಇಬ್ಬರೂ ಹೊದಿಕೆಯನ್ನು ಎದುರುಬದುರು ಬಿಗಿಯಾಗಿ ಹಿಡಿದುಕೊಂಡು ನಿಂತಿದ್ದರು. ಮಡಚಲು ಯಾರೂ ಹೆಜ್ಜೆ ಮುಂದಿಡಲಿಲ್ಲ.