ಉಪ್ಪಿನ ಚೀಲದ ಅಂಗಿ

"ಒದರ್ರೇ! ಸೆರಗ ಸರಿಯಾಗಿ ಒದರ್ರೇ! ಯಾನ ದ್ಯಾವರಿಗ ಚಾಮರ ಬೀಸ್ತಾ ಇದ್ದೀರಾ, ಬಡ್ಡೆತ್ತವಾ!"

ಮೇಸ್ತ್ರಿ ಮಾದೇಶ್ ಗಂಟಲು ಹರಿದುಕೊಳ್ಳುತ್ತಿದ್ದ. ನಾವು ಹನ್ನೊಂದು ಜನ ಹೆಂಗಸರು ಉಪ್ಪಿನ ಮಿಲ್ಲಿನ ಅಂಗಳದಲ್ಲಿ ಸಾಲಾಗಿ ನಿಂತು ಸೆರಗು ಕೊಡವುತ್ತಿದ್ದೆವು. ಕೆಳಗೆ ಒಂದು ಬಿಳಿ ಪಂಚೆ ಹಾಸಿದ್ದರು, ನಮ್ಮ ಮೈಯಿಂದ ಏನೇನು ಉದುರುತ್ತದೆ ಎಂದು ನೋಡಲಿಕ್ಕೆ. ಹರವೆ ಕಡೆಯಿಂದ ಬಂದ ಗುಂಡ್ಲುಪೇಟೆ ಬಸ್ಸಿನ ಕಿಟಕಿಗಳಲ್ಲಿದ್ದ ತಲೆಗಳೆಲ್ಲ ನಮ್ಮ ಕಡೆ ತಿರುಗಿದವು. ಸಾವ್ಕಾರ ಬಸವಪ್ರಸಾದ್ ಕುರ್ಚಿ ಹಾಕಿಸಿಕೊಂಡು, ಕಾಲ ಮೇಲೆ ಕಾಲು ಹಾಕಿ ಕೂತಿದ್ದ.

ನಮ್ಮಲ್ಲಿ ಹಿರಿಯಳಾದ ಪುಟ್ಟಸಿದ್ದಮ್ಮನ ಸರದಿ ಬಂತು. ಅವಳು ಸೆರಗು ಕೊಡವಿದಳು. ಎಲೆ ಅಡಿಕೆ ಬಿತ್ತು. ಒಂದು ಹುಣಸೆ ಬೀಜ ಬಿತ್ತು. ಆಮೇಲೆ ಅವಳ ಮೊಮ್ಮಗನ ಗೋಲಿಯೊಂದು ಬಿದ್ದು, ಉರುಳುತ್ತಾ ಉರುಳುತ್ತಾ ಹೋಗಿ ಸಾವ್ಕಾರನ ಚಪ್ಪಲಿಗೆ ತಾಗಿ ನಿಂತಿತು.

ಪ್ರಿಯಾಂಕ ಕಿಸಕ್ಕನೆ ನಕ್ಕಳು. ಹತ್ತೊಂಬತ್ತರ ಹುಡುಗಿ, ನಮ್ಮೆಲ್ಲರಿಗಿಂತ ಚಿಕ್ಕವಳು. ಅವಳು ನಕ್ಕರೆ ಮುಗಿಯಿತು, ಹನ್ನೊಂದು ಜನಕ್ಕೂ ಅಂಟಿಕೊಳ್ಳುತ್ತದೆ. ನನಗಂತೂ ನಗು ಒಂದು ಕಾಯಿಲೆ. ಬೈಸಿಕೊಳ್ಳುವಾಗಲೇ ಜಾಸ್ತಿ ಬರುತ್ತದೆ.

"ನಗ್ತೀರೇನ್ರೇ?" ಸಾವ್ಕಾರ ಎದ್ದು ನಿಂತ. "ನನ್ ಮಾನ ಅರಾಜಾಗದ, ನೀವು ಅಲ್ ಕಿರೀತೀರಾ? ನಿಮ್ ಕೇರಿ ಕೊಳಕ್ನೆಲ್ಲ ತಂದು ನನ್ ಉಪ್ಗ ಉದುರಿಸ್ತಿದ್ದೀರಲ್ರೇ, ಲೌಡೇರಾ!"

ವಿಷಯ ಇಷ್ಟೇ. ಮೈಸೂರಿನ ದೊಡ್ಡ ಅಂಗಡಿ ಕಂಪನಿಯೊಂದು ನಮ್ಮ ಮಿಲ್ಲಿನ ಉಪ್ಪು ಕೊಂಡು ಮಾರುತ್ತಿತ್ತು. ಅವರು ಒಂದು ಪ್ಯಾಕೆಟ್ಟನ್ನು ಲ್ಯಾಬಿಗೆ ಕಳಿಸಿದ್ದರಂತೆ. ಉಪ್ಪನ್ನು ನೀರಿನಲ್ಲಿ ಕರಗಿಸಿ, ಸೋಸಿ, ಯಂತ್ರದ ಕೆಳಗಿಟ್ಟು ನೋಡಿದರೆ ಪ್ಲಾಸ್ಟಿಕ್ಕಿನ ಎಳೆ, ಪ್ಲಾಸ್ಟಿಕ್ಕಿನ ಚೂರು. ಕೆಲವಂತೂ ಬರಿಗಣ್ಣಿಗೆ ಕಾಣುವುದೇ ಇಲ್ಲವಂತೆ.

"ಕಣ್ಗ ಕಾಣ್ದೇ ಇರದು ಅಂದ್ರ ದ್ಯಾವ್ರಂಗಾ?" ಎಂದಳು ಪುಟ್ಟಸಿದ್ದಮ್ಮ.

"ದ್ಯಾವ್ರು ಒಟ್ಟಗ ಓಗಲ್ಲ ಕನಕ್ಕ, ಇದು ಓಯ್ತದ" ಎಂದೆ ನಾನು. ಮತ್ತೆ ನಗು. ಮಾದೇಶ್ ನನ್ನ ಕಡೆ ಕೈ ಎತ್ತಿಕೊಂಡು ಬಂದವನು, ಸಾವ್ಕಾರ ತಲೆ ಅಲ್ಲಾಡಿಸಿದ್ದಕ್ಕೆ ಇಳಿಸಿದ.

ಪ್ಲಾಸ್ಟಿಕ್ ಎಲ್ಲಿಂದ ಬರುತ್ತದೆಂದು ತಿಳಿಯಲು ನಮಗೆ ಲ್ಯಾಬು ಬೇಕಿರಲಿಲ್ಲ. ತಮಿಳುನಾಡಿನ ಕಡಲಿನಿಂದ ವಾರಕ್ಕೊಂದು ಲಾರಿ ಹರಳುಪ್ಪು ಬರುತ್ತದೆ, ಬಿಳಿ ಪ್ಲಾಸ್ಟಿಕ್ ಚೀಲಗಳಲ್ಲಿ. ಗೋಡೌನ್ ಚಿಕ್ಕದು, ಚೀಲಗಳು ಅಂಗಳದಲ್ಲೇ ಬಿಸಿಲಿಗೆ ಬಿದ್ದಿರುತ್ತವೆ. ಖಾಲಿಯಾದ ಚೀಲ ಅದೇ ಲಾರಿಯಲ್ಲಿ ವಾಪಸು ಹೋಗಿ ಮತ್ತೆ ತುಂಬಿಕೊಂಡು ಬರುತ್ತದೆ. ನಾಲ್ಕನೇ ಸಲ ಬರುವ ಹೊತ್ತಿಗೆ ಬೆರಳು ಮುಟ್ಟಿಸಿದರೆ ಸಾಕು, ಹೊಟ್ಟಿನ ಹಾಗೆ ಪುಡಿ ಉದುರುತ್ತದೆ. ಕುಡುಗೋಲಿನಿಂದ ಬಾಯಿ ಸೀಳಿ ಉಪ್ಪನ್ನು ಮಿಷನ್ನಿಗೆ ಸುರಿಯುತ್ತೇವೆ. ಕಂಡ ನಾರನ್ನು ಆಯುತ್ತೇವೆ. ಕಾಣದ್ದು ಉಪ್ಪಿನ ಜೊತೆ ಅರೆದು ನುಣ್ಣಗಾಗಿ ಪ್ಯಾಕೆಟ್ಟಿಗೆ ಹೋಗುತ್ತದೆ. ಕಡಲಲ್ಲೇ ಎಷ್ಟು ಸೇರಿತ್ತೋ ಗೊತ್ತಿಲ್ಲ. ನಮ್ಮಲ್ಲಿ ಕಡಲು ನೋಡಿದವರು ಒಬ್ಬರೂ ಇಲ್ಲ. ಪ್ಯಾಕೆಟ್ಟಿನ ಮೇಲೆ ಮಾತ್ರ ಗೋಪಾಲಸ್ವಾಮಿ ಬೆಟ್ಟದಂಥ ಒಂದು ಬೆಟ್ಟ ಬರೆಸಿ, ಅದಕ್ಕೆ ಹಿಮ ಬಳಿಸಿ, 'ಹಿಮಗಿರಿ ಸಮುದ್ರದ ಉಪ್ಪು' ಎಂದು ಹಾಕಿಸಿದ್ದಾನೆ ಪುಣ್ಯಾತ್ಮ ಸಾವ್ಕಾರ.

ಚೀಲ ಬದಲಾಯಿಸಿ ಎಂದು ಹೋದ ವರ್ಷವೇ ಹೇಳಿದ್ದೆವು. "ಚೀಲ ಅಳೇದಾದ್ರ ಉಪ್ಪು ಸಪ್ಪಗಾಯ್ತದೇನೇ?" ಎಂದಿದ್ದ.

ಶನಿವಾರ ಶನಿವಾರ ನೆಲ ಗುಡಿಸಿದ ಉಪ್ಪನ್ನು ನಮಗೆ ಹಂಚುತ್ತಿದ್ದ, ಧರ್ಮ ಮಾಡಿದವನ ಹಾಗೆ. ಮೂರು ವರ್ಷ ಅದನ್ನೇ ಹಾಕಿ ಸಾರು ಮಾಡಿ ನನ್ನ ಮಗಳಿಗೆ ಬಡಿಸಿದ್ದೇನೆ. ಅದೊಂದನ್ನು ನೆನೆದಾಗ ನನಗೆ ನಗು ಬರುವುದಿಲ್ಲ.

ಮಧ್ಯಾಹ್ನ ಸಾವ್ಕಾರ ನನ್ನೊಬ್ಬಳನ್ನೇ ಆಫೀಸಿಗೆ ಕರೆಸಿದ. ಆಫೀಸು ಎಂದರೆ ನಮಗೆ ಅದರ ಹೊಸ್ತಿಲು. ಒಳಗೆ ಕಾಲಿಟ್ಟರೆ ಮಾದೇಶ್ ಬಂದು ನೀರು ಹಾಕಿ ಒರೆಸುತ್ತಾನೆ. ನಾನು ಹೊರಗೆ ನಿಂತೆ.

"ನೀನು ಏಳ್ನೇ ಕ್ಲಾಸು ಓದಿದ್ದೀಯಲ್ವ ಲಕ್ಷ್ಮಿದೇವಿ? ಓದು."

ಮಾದೇಶ್ ಕಾಗದವನ್ನು ತುದಿಬೆರಳಲ್ಲಿ ಹಿಡಿದು ನನ್ನ ಕೈಗೆ ಬೀಳಿಸಿದ. ಟೈಪು ಮಾಡಿಸಿದ್ದರು. ಲಕ್ಷ್ಮಿದೇವಿಯಾದ ನಾನು ಮಿಲ್ಲಿನ ನಿಯಮ ಮೀರಿ ನೈಲಾನ್ ಸೀರೆ ಉಟ್ಟು ಕೆಲಸಕ್ಕೆ ಬಂದು, ಅದರ ಎಳೆಗಳು ಉಪ್ಪಿಗೆ ಬೀಳಲು ಕಾರಣಳಾಗಿರುತ್ತೇನೆ. ಇದು ಮಾಲೀಕರ ಗಮನಕ್ಕೆ ಬಂದಿರುವುದಿಲ್ಲ.

ನಾನು ಕಾಗದ ನೋಡಿದೆ. ಆಮೇಲೆ ನನ್ನ ಸೀರೆ ನೋಡಿಕೊಂಡೆ.

"ಬುದ್ದಿ, ಈ ಸೀರ ನೀವೇ ದೀಪಾವಳಿಗ ಕೊಟ್ಟುದ್ದು."

"ಉಟ್ಗಂಡು ಕೆಲ್ಸುಕ್ಕ ಬಾ ಅಂದಿದ್ನೇನೇ?"

ಅದು ನಿಜ, ಹಾಗೆಂದು ಅವನು ಹೇಳಿರಲಿಲ್ಲ. ನನಗೆ ಗಂಟಲವರೆಗೆ ನಗು ಬಂತು. ಕೆಮ್ಮಿ ನುಂಗಿದೆ.

"ನಾಳಿದ್ದು ಕಂಪ್ನಿ ಮೇಡಂ ಬತ್ತಳ. ಅವಳ ಮುಂದ ಸೈನ್ ಆಕು. ನೀನೊಬ್ಳು ಕೆಲ್ಸ ಬುಟ್ಟೋಗು, ಉಳ್ದೋರು ಇರ್ತರ. ಆಕ್ನಿಲ್ವಾ, ಅನ್ನೊಂದು ಜನ್ಕೂ ಗೇಟ್ ಮುಚ್ತೀನಿ. ಒರಿಸ್ಸಾದೋರ ಕರ್ಸ್ಕತೀನಿ, ಅವ್ರು ನಿಮ್ಮಂಗ ನಗದಿಲ್ಲ."

ನಾನು ಸಹಿ ಹಾಕಿದರೆ ಹತ್ತು ಮನೆಯ ಒಲೆ ಉರಿಯುತ್ತದೆ. ಆದರೆ ಊರಿನ ಉಪ್ಪಿಗೆ ಕೊಳಕು ಹಾಕಿದವಳು ಎಂದು ಬರೆದುಕೊಟ್ಟವಳನ್ನು ಯಾವ ಹೋಟೆಲಿನವನು, ಯಾವ ಸ್ಕೂಲಿನವರು ಅಡುಗೆ ಕೋಣೆಗೆ ಸೇರಿಸುತ್ತಾರೆ? ನನ್ನ ಮಗಳು ಆ ಹೆಸರು ಹೊತ್ತುಕೊಂಡೇ ಶಾಲೆಗೆ ಹೋಗಬೇಕು. ಬುತ್ತಿ ಬಿಚ್ಚುವಾಗ ನಮ್ಮವರಿಗೆ ಎಲ್ಲ ಹೇಳಿದೆ.

"ಅವ್ನ ಬಾಯ್ಗ ಮಣ್ಣಾಕ, ಆಕ್ಬ್ಯಾಡ ಕಣಮ್ಮಿ" ಎಂದಳು ಪುಟ್ಟಸಿದ್ದಮ್ಮ. ಬೇರೆಯವರೂ ಹ್ಞೂಂ ಎಂದರು. ಗುರುಮಲ್ಲಮ್ಮ ಮಾತ್ರ ಮುದ್ದೆ ಮುರಿಯುತ್ತಾ ತಲೆ ಎತ್ತಲಿಲ್ಲ. ಅವಳ ಗಂಡ ಮರದಿಂದ ಬಿದ್ದು ಸೊಂಟ ಮುರಿದುಕೊಂಡು ಎರಡು ವರ್ಷದಿಂದ ಹಾಸಿಗೆಯಲ್ಲಿದ್ದ. ಇಡೀ ಮನೆ ಅವಳ ಕೈಮೇಲೆಯೇ ನಡೆಯುತ್ತಿತ್ತು.

ಅವಳು ನೆಲ ನೋಡಿಕೊಂಡೇ ಹೇಳಿದಳು: "ನೀನು ಎಲ್ಲಾದ್ರೂ ಬದುಕ್ಕತೀಯ ಲಕ್ಷ್ಮಿ. ಓದಿದ್ದೀಯ."

ನನಗೆ ಅವಳ ಮೇಲೆ ಸಿಟ್ಟು ಬಂತು. ಅವಳ ಜಾಗದಲ್ಲಿದ್ದರೆ ನಾನೂ ಅದನ್ನೇ ಹೇಳುತ್ತಿದ್ದೆ ಎಂದು ಗೊತ್ತಾಗಿ ಇನ್ನೂ ಸಿಟ್ಟು ಬಂತು.

ಮೇಡಂ ಬರುವ ದಿನ ಬೆಳಗ್ಗೆ ಸಾವ್ಕಾರನಿಗೆ ಒಂದು ಘನವಾದ ಉಪಾಯ ಹೊಳೆಯಿತು. ನಮ್ಮ ಸೀರೆಯೇ ತಪ್ಪಿತಸ್ಥ ಎಂದ ಮೇಲೆ ಸೀರೆಯನ್ನು ಮುಚ್ಚಿಬಿಟ್ಟರೆ ಆಯಿತಲ್ಲ. ಹೊಸ ಬಟ್ಟೆ ಹೊಲಿಸಲು ಹೊತ್ತಿಲ್ಲ, ಮನಸ್ಸೂ ಇಲ್ಲ. ಮಾದೇಶ್ ಖಾಲಿ ಉಪ್ಪಿನ ಚೀಲಗಳ ರಾಶಿಯಿಂದ ಹನ್ನೊಂದು ಎಳೆದು, ತಳದಲ್ಲಿ ತಲೆಗೊಂದು, ಪಕ್ಕದಲ್ಲಿ ಕೈಗೆರಡು ತೂತು ಕುಯ್ದು ಕೊಟ್ಟ.

"ತಗಳ್ರೇ ಯೂನಿಫಾರಂ. ಆಕ್ಕಳಿ."

ನಾವು ಅಷ್ಟು ನಕ್ಕದ್ದು ನಮ್ಮ ಮದುವೆಗಳಲ್ಲೂ ಇಲ್ಲ. ಒಬ್ಬೊಬ್ಬಳೂ ಚೀಲದೊಳಗೆ ತಲೆ ತೂರಿಸಿ ತಡಕಾಡುತ್ತಿದ್ದರೆ, ಹೊರಗಿದ್ದವರು ಹೊಟ್ಟೆ ಹಿಡಿದುಕೊಂಡು ಕೂರುತ್ತಿದ್ದೆವು. ಹೆಜ್ಜೆ ಇಟ್ಟರೆ ಬರ್‌ಬರ್ ಸದ್ದು. ಪುಟ್ಟಸಿದ್ದಮ್ಮನ ಎದೆಯ ಮೇಲೆ ಐವತ್ತು ಕೆಜಿ ಎಂದು ಅಚ್ಚಾಗಿತ್ತು.

"ನಂಗ ಸರಿಯಾಗ್ ಬರದವ್ರ ಕಣ್ರವ್ವ. ನಾನಿರದೂ ಐವತ್ತೇಯ."

ಪ್ರಿಯಾಂಕಳ ಬೆನ್ನ ಮೇಲೆ, ಚೀಲ ಎತ್ತುವ ಹಮಾಲರಿಗೆಂದು, ಇಂಗ್ಲಿಷಿನಲ್ಲಿ ಏನೋ ಅಚ್ಚಾಗಿತ್ತು. ನಾನು ಕೂಡಿಸಿ ಕೂಡಿಸಿ ಓದಿ, ಕೊಕ್ಕೆ ಹಾಕಬೇಡಿ ಅಂತದೆ ಎಂದೆ. "ಮಾದೇಸಣ್ಣ, ಬಂದು ನೋಡ್ಕ ಬಾ, ನಿಂಗೇ ಬರ್ದಿರದು!" ಎಂದು ಅವಳು ಸೊಂಟ ತಿರುಗಿಸಿದಳು. ಹೆಂಗಸರು ಬಗ್ಗಿದಾಗಲೆಲ್ಲ ಹಿಂದೆ ಬಂದು ನಿಲ್ಲುತ್ತಿದ್ದ ಗಂಡಸು ಅವನು. ಮುಖ ಕೆಂಪಗೆ ಮಾಡಿಕೊಂಡು ಗೋಡೌನಿನೊಳಗೆ ನುಗ್ಗಿದ.

ಮೇಡಂ ಹನ್ನೊಂದು ಗಂಟೆಗೆ ಕಾರಿನಲ್ಲಿ ಬಂದಳು. ಪವಿತ್ರ ಎಂದು ಹೆಸರು, ಕೊರಳಲ್ಲಿ ಫೋಟೋ ಇರುವ ಕಾರ್ಡು. ನಮ್ಮನ್ನು ಮಿಷನ್ನಿನ ಪಕ್ಕದ ಕಪ್ಪು ಕಲ್ಲಿನ ಕಟ್ಟೆಯ ಮುಂದೆ ನಿಲ್ಲಿಸಿದ್ದರು.

"ನೋಡಿ ಮೇಡಂ, ಈಗ ಎಲ್ಲಾ ಕಂಟ್ರೋಲಿಗೆ ತಂದ್ಬುಟ್ಟಿವಿ" ಎಂದ ಸಾವ್ಕಾರ. "ಒಂದು ಎಳೆ ಬೀಳಕಿಲ್ಲ."

ಸೆಕೆಯೋ ಸೆಕೆ. ಚೀಲದೊಳಗೆ ಬೆವರು ಇಳಿಯುತ್ತಿತ್ತು, ಮೈಯೆಲ್ಲ ನವೆ. ಪುಟ್ಟಸಿದ್ದಮ್ಮ ತಡೆಯಲಾರದೆ ಭುಜ ಕೆರೆದುಕೊಂಡಳು. ಕಪ್ಪು ಕಟ್ಟೆಯ ಮೇಲೆ ಬಿಳಿ ಹೊಟ್ಟು ಸುರಿಯಿತು. ಅವಳನ್ನು ನೋಡಿ ನನಗೂ ನವೆ ಎದ್ದಿತು, ಪ್ರಿಯಾಂಕಳಿಗೂ ಎದ್ದಿತು. ಹನ್ನೊಂದು ಜನ ಹನ್ನೊಂದು ಕಡೆ ಕೆರೆದುಕೊಂಡೆವು. ಕಟ್ಟೆಯ ಮೇಲೆಲ್ಲ ಪ್ಲಾಸ್ಟಿಕ್ಕಿನ ಎಳೆ, ಪ್ಲಾಸ್ಟಿಕ್ಕಿನ ಪುಡಿ. ನಮ್ಮ ತಲೆಗೂದಲಲ್ಲಿ, ಹುಬ್ಬಿನಲ್ಲಿ, ಕೊನೆಗೆ ಮೇಡಂನ ಕಪ್ಪು ಬ್ಯಾಗಿನ ಮೇಲೂ.

ಅವಳು ಬೆರಳಿನಿಂದ ಕಟ್ಟೆ ಒರೆಸಿ ನೋಡಿದಳು. ನಮ್ಮ ಅಂಗಿ ನೋಡಿದಳು. ಅಂಗಳದ ಬಿಸಿಲಲ್ಲಿ ಬಿದ್ದಿದ್ದ ಚೀಲದ ರಾಶಿ ನೋಡಿದಳು. ಫಕ್ಕನೆ ನಕ್ಕುಬಿಟ್ಟಳು. ಗೆದ್ದೆವು ಎಂದುಕೊಂಡು ನಾವೂ ನಕ್ಕೆವು.

ಅವಳು ಕರ್ಚೀಫಿನಲ್ಲಿ ಬೆರಳು ಒರೆಸಿಕೊಂಡಳು. "ಇರಲಿ ಬಸವಪ್ರಸಾದ್ ಅವರೇ, ಚೀಲದ ವಿಷಯ ಆಮೇಲೆ ಮಾತಾಡೋಣ. ಈಗ ನನಗೆ ಫೈಲ್ ಮುಚ್ಚೋಕೆ ಒಂದು ಕಾರಣ ಬೇಕಷ್ಟೆ. ಆ ಸಹಿ ರೆಡಿ ಇದೆಯಾ?"

ಕಾಗದ ನನ್ನ ಕೈಗೆ ಬಂತು. ಮಾದೇಶ್ ಪೆನ್ನಿನ ಮುಚ್ಚಳ ತೆಗೆದು ಕೊಟ್ಟ. ಎಲ್ಲ ಕಣ್ಣಾರೆ ಕಂಡ ಮೇಲೂ ಸಹಿ ಕೇಳಿದಳಲ್ಲ. ಗುರುಮಲ್ಲಮ್ಮನ ಕಡೆ ನೋಡಿದೆ. ಅವಳು ನನ್ನನ್ನೇ ನೋಡುತ್ತಿದ್ದಳು.

"ತಡೀರಿ ಬುದ್ದಿ" ಎಂದು ಅವಳು ಮುಂದೆ ಬಂದಳು. "ಈ ಮೇಡಮ್ಮ ಬಂದಾಗ್ನಿಂದ ನಿಮ್ ಮಖ ಬಾಡ್ಬುಟ್ಟದ. ಬಾಳ ದೃಷ್ಟಿ ಆಗದ ನಿಮ್ಗ. ಮೊದ್ಲು ಅದ ತಗದಾಕ್ತೀನಿ, ಆಮೇಲ ಸೈನು."

ಕಣ್ಣು ಬಿತ್ತು ಎಂದರೆ ಸಾವ್ಕಾರನಿಗೆ ಪ್ರಾಣ ಹೋದಷ್ಟು ಭಯ. ಹೊಸ ಕಾರು ತಂದ ದಿನ ಅದಕ್ಕೆ ನಾಲ್ಕು ಸಲ ಕುಂಬಳಕಾಯಿ ಒಡೆಸಿದವನು. "ಬೇಗ ತಗಿ ಅತ್ಲಾಗೆ" ಎಂದು ಕೈ ಮುಗಿದು ನಿಂತ.

ಗುರುಮಲ್ಲಮ್ಮ ಮೈಮೇಲಿನ ಚೀಲ ಕಳಚಿದಳು. ಮಿಷನ್ನಿನ ಬಾಯಿಂದ ಎರಡು ಹಿಡಿ ಉಪ್ಪು ತೆಗೆದು ಅದರೊಳಗೆ ಹಾಕಿದಳು. ಆಮೇಲೆ, ಏನೂ ಆಗದವಳ ಹಾಗೆ, ನನ್ನ ಕೈಯಿಂದ ಕಾಗದ ತೆಗೆದು ಅದನ್ನೂ ಒಳಗೆ ತುರುಕಿ ಚೀಲ ಸುತ್ತಿದಳು. ಅವನ ತಲೆಯಿಂದ ಪಾದದವರೆಗೆ ಇಳಿಸುತ್ತಾ ಶುರು ಮಾಡಿದಳು.

"ಊರ ಕಣ್ಣು, ಕೇರಿ ಕಣ್ಣು, ಕಾರ್ನಲ್ ಬಂದವಳ ಕಣ್ಣು, ಬಸ್ನಲ್ ಓದೋರ ಕಣ್ಣು, ಸೀರ ಒದರ್ದವರ ಕಣ್ಣು, ಎಲ್ಲಾ ಸುಟ್ಟೋಗ್ಲಿ. ಉಗೀರಿ ಬುದ್ದಿ."

ಸಾವ್ಕಾರ ಕಣ್ಣು ಮುಚ್ಚಿಕೊಂಡು ಚೀಲಕ್ಕೆ ಥೂ ಥೂ ಥೂ ಎಂದು ಮೂರು ಸಲ ಉಗಿದ. ಪ್ರಿಯಾಂಕ ಬಾಯಿಗೆ ಕೈ ಅಡ್ಡ ಇಟ್ಟುಕೊಂಡು ಗಡಗಡ ನಡುಗುತ್ತಿದ್ದಳು. ನನಗೆ ಕಣ್ಣಲ್ಲಿ ನೀರು.

ಗುರುಮಲ್ಲಮ್ಮ ಚೀಲವನ್ನು ಗೇಟಿನಾಚೆ ಒಯ್ದಳು. ನಾವೂ ಚೀಲ ಕಳಚಿಕೊಂಡು ಅವಳ ಹಿಂದೆ ಹೋದೆವು. ಒಂದರ ಮೇಲೊಂದು ಹನ್ನೊಂದು ಚೀಲ ಬಿದ್ದವು. ಗೇಟಿನ ಪಕ್ಕ ಟೀ ಕಾಯಿಸುವ ಒಲೆಯಿಂದ ಪುಟ್ಟಸಿದ್ದಮ್ಮ ಕೊಳ್ಳಿಯೊಂದನ್ನು ಎಳೆದು ತಂದು ಇಟ್ಟಳು. ಪ್ಲಾಸ್ಟಿಕ್ಕು ಸುರುಟಿಕೊಂಡು ಧಗ್ಗನೆ ಹತ್ತಿಕೊಂಡಿತು. ಉಪ್ಪು ಚಟಪಟ ಸಿಡಿಯಿತು. ಕಪ್ಪು ಹೊಗೆ ಎದ್ದು ಮಿಲ್ಲಿನ ಕಡೆಗೇ ತಿರುಗಿತು, ಮೇಡಂ ಮೂಗು ಮುಚ್ಚಿಕೊಂಡು ಕಾರಿಗೆ ಓಡಿದಳು.

ಆಗ ಸಾವ್ಕಾರನಿಗೆ ಎಚ್ಚರವಾಯಿತು.

"ಪೇಪರು! ಮಾದೇಶಾ, ಪೇಪರೆಲ್ಲೋ? ಲೇ ಲೌಡೇರಾ, ಬರ್ರೇ ಇಲ್ಲಿ!"

ನಾವು ರಸ್ತೆಗೆ ಇಳಿದಾಗಿತ್ತು. ಎದುರಿಗೆ ಉಪ್ಪಿನ ಲಾರಿ ಬಂದು ಹಾರ್ನ್ ಹೊಡೆಯುತ್ತಾ ಗೇಟಿನ ಕಡೆ ತಿರುಗಿತು. ಹಿಂದಿನಿಂದ ಅವನ ಬೈಗುಳ ಸ್ವಲ್ಪ ದೂರ ಬಂತು. ಆಮೇಲೆ ದನಿ ಬದಲಾಯಿತು.

"ಗುರುಮಲ್ಲಮ್ಮಾ! ಲಕ್ಷ್ಮಿದೇವೀ! ಸೈನ್ ಬ್ಯಾಡ ಕಣ್ರವ್ವಾ, ಲೋಡ್ ಇಳ್ಸೋರು ಯಾರು? ಬನ್ರವ್ವಾ!"

ಪ್ರಿಯಾಂಕ ನಗುತ್ತಾ ಕತ್ತು ತಿರುಗಿಸಲು ಹೋದಳು. ಗುರುಮಲ್ಲಮ್ಮ ಅವಳ ಜಡೆ ಹಿಡಿದು ಮುಂದಕ್ಕೆ ಎಳೆದಳು. ಗುರುಮಲ್ಲಮ್ಮನ ಕೆನ್ನೆಯ ಮೇಲೆ ನೀರು ಇಳಿಯುತ್ತಿತ್ತು. ನಕ್ಕದ್ದಕ್ಕೋ, ಮನೆಯಲ್ಲಿ ಮಲಗಿದ್ದವನನ್ನು ನೆನೆದದ್ದಕ್ಕೋ, ನಾನು ಕೇಳಲಿಲ್ಲ.

"ದೃಷ್ಟಿ ಸುಟ್ಟೋರು ಇಂದಕ್ಕ ತಿರುಗ್ಬಾರ್ದು ಕಣಮ್ಮಿ" ಎಂದಳು. "ನಡಿ."