ಟ್ರೆಬಲ್ ಎಂಟರ ಮೇಲಿತ್ತು

ಹೊಸಪೇಟೆಯಲ್ಲಿ ನಾನು ಮೈಕ್ ಸೆಟ್ ಅಂಗಡಿ ಇಟ್ಟು ನಲವತ್ತೆರಡು ವರ್ಷವಾಯಿತು. ನಾನು ಓದಿದ್ದು ನಾಲ್ಕನೇ ಕ್ಲಾಸು. ಆಂಪ್ಲಿಫೈಯರ್ ಮೇಲಿನ ಇಂಗ್ಲಿಷ್ ಅಕ್ಷರ ಓದಲು ಬಾರದು, ಆದರೆ ಯಾವ ನಾಬು ಯಾವುದಕ್ಕೆ ಎಂಬುದು ಬೆರಳಿಗೆ ಗೊತ್ತು. ಅದರಲ್ಲೂ ಸ್ಟೀಲ್ ಗಿಟಾರಿಗೆ ಸೆಟ್ ಹಚ್ಚುವುದೆಂದರೆ ಜಡೆಪ್ಪನೇ ಹಚ್ಚಬೇಕು ಎಂದು ಸಂಡೂರು, ಕಂಪ್ಲಿ ಕಡೆಯ ಆರ್ಕೆಸ್ಟ್ರಾದವರೆಲ್ಲ ಹೇಳುತ್ತಿದ್ದರು. ಕೇಳಿ ಕೇಳಿ ನಾನೂ ಅದನ್ನು ನಂಬಿಬಿಟ್ಟಿದ್ದೆ.

ಈ ಗಿಟಾರನ್ನು ತೊಡೆಯ ಮೇಲೆ ಅಡ್ಡ ಮಲಗಿಸಿಕೊಂಡು, ಎಡಗೈಯಲ್ಲಿ ಒಂದು ಉಕ್ಕಿನ ತುಂಡು ಹಿಡಿದು ತಂತಿಯ ಮೇಲೆ ಜಾರಿಸುತ್ತಾ ನುಡಿಸುತ್ತಾರೆ. ಆ ತುಂಡಿಗೆ ಬಾರ್ ಎನ್ನುತ್ತಾರೆ. ಉಕ್ಕಿನ ಮೇಲೆ ಉಕ್ಕು ಜಾರುವುದರಿಂದ ಟ್ರೆಬಲ್, ಅಂದರೆ ಸಣ್ಣ ಸ್ವರದ ಚೂಪು, ಒಂದಿಷ್ಟು ಹೆಚ್ಚಾದರೂ ಸ್ವರ ಕೀರಲಾಗುತ್ತದೆ. ಕಡಿಮೆಯಾದರೆ ಕಂಬಳಿ ಹೊದ್ದು ಹಾಡಿದಂತಾಗುತ್ತದೆ. ನನ್ನ ಲೆಕ್ಕ ಹೀಗಿತ್ತು: ಬೇಸ್ ನಾಲ್ಕಕ್ಕೆ, ಮಿಡ್ಲ್ ಆರಕ್ಕೆ. ಆಮೇಲೆ ಟ್ರೆಬಲ್ ನಾಬನ್ನು ಹಲ್ಲು ಜುಮ್ಮೆನ್ನುವ ತನಕ ಏರಿಸುವುದು, ಅಲ್ಲಿಂದ ಎರಡು ಗೆರೆ ಹಿಂದಕ್ಕೆ ತರುವುದು. ಎಂಥ ಗಿಟಾರಾದರೂ ಅದು ಐದರ ಆಸುಪಾಸಿನಲ್ಲಿ ಬಂದು ನಿಲ್ಲುತ್ತಿತ್ತು.

ನುಡಿಸುವವರು ಸೌಂಡ್ ಬಾಕ್ಸಿನ ಹಿಂದೆ ಕೂರುತ್ತಾರೆ. ಮುಂದಿನ ಜನಕ್ಕೆ ತಮ್ಮ ಸ್ವರ ಹೇಗೆ ಕೇಳುತ್ತಿದೆ ಎಂಬುದು ಅವರಿಗೆ ತಿಳಿಯುವುದಿಲ್ಲ. ಸೆಟ್ಟಿನವನ ಮುಖ ನೋಡುತ್ತಾರೆ. ಅವನು ತಲೆ ಆಡಿಸಿದರೆ ಸರಿ ಎಂದುಕೊಳ್ಳುತ್ತಾರೆ.

ಹೋದ ವರ್ಷ ಸಂಡೂರಿನಲ್ಲಿ ಒಂದು ಮದುವೆ. ಮಧ್ಯಾಹ್ನದ ಊಟದ ಹೊತ್ತಿಗೆ ಲಿಂಗರಾಜನ ಆರ್ಕೆಸ್ಟ್ರಾ ಇತ್ತು. ಅಂದು ಸ್ಟೀಲ್ ಗಿಟಾರ್ ನುಡಿಸಲು ಹೊಸದಾಗಿ ಅನುಸೂಯಾ ಬಂದಿದ್ದಳು. ಕಂಪ್ಲಿಯಲ್ಲಿ ಬಟ್ಟೆ ಹೊಲಿಯುವವಳು. ಬುದ್ಧ ಪೂರ್ಣಿಮೆಗೆ ಅವಳು ತಮ್ಮ ಓಣಿಯಲ್ಲಿ ನುಡಿಸಿದ್ದನ್ನು ಕೇಳಿ ಲಿಂಗರಾಜ್ ಕರೆಸಿದ್ದ. ಈ ಮದುವೆಯಲ್ಲಿ ಒಪ್ಪಿಗೆಯಾದರೆ ತಂಡದಲ್ಲಿ ಕಾಯಂ ಎಂದೂ ಹೇಳಿದ್ದ.

ಅವಳು ತಂತಿ ಮೀಟಿದಳು. ನಾನು ಟ್ರೆಬಲ್ ಏರಿಸಿದೆ. ಆರು, ಏಳು, ಎಂಟು. ಹಲ್ಲು ಜುಮ್ಮೆನ್ನಲಿಲ್ಲ. ಹತ್ತಕ್ಕೆ ಹೋದಾಗ ಏನೋ ಕೊಂಚ ತಾಗಿದಂತಾಯಿತು. ಎರಡು ಗೆರೆ ಹಿಂದೆ ತಂದೆ. ಎಂಟು. ಇಷ್ಟು ವರ್ಷದಲ್ಲಿ ಅಲ್ಲಿಗೆ ಹೋಗದ ನಾಬು ಅಲ್ಲಿ ನಿಂತದ್ದನ್ನು ಈ ಕಣ್ಣಲ್ಲೇ ನೋಡಿದೆ. ನೋಡಿಯೂ ಅವಳತ್ತ ತಲೆ ಆಡಿಸಿದೆ.

ಎರಡನೇ ಹಾಡಿಗೆ ಊಟಕ್ಕೆ ಕೂತವರು ಕಿವಿಗೆ ಕೈ ಹಚ್ಚಿದರು. ಯಾರೋ ನಗುತ್ತಾ ಕೂಗಿದ, "ಏ, ತಗಡು ಕೊಯ್ಯಾಕತ್ತೀರೇನ್ರೋ? ಅನ್ನ ಗಂಟಲಾಗ ಇಳೀವಲ್ದು!"

ಲಿಂಗರಾಜ್ ನನ್ನ ಹತ್ತಿರ ಓಡಿ ಬಂದ. "ಕಾಕಾ, ಸೆಟ್ ಏನಾರ ಹೆಚ್ಚುಕಮ್ಮಿ ಆಗೇತೇನು?"

ನನಗೆ ಸ್ವರ ಇಂಪಾಗಿಯೇ ಕೇಳುತ್ತಿತ್ತು. ಆದರೆ ನಾಬು ಎಂಟರ ಮೇಲಿತ್ತು. ಆಗಲಾದರೂ ಒಂದು ಮಾತು ಆಡಬಹುದಿತ್ತು.

"ಸೆಟ್ ಸರಿ ಐತಿ," ಎಂದೆ. "ಕೈ ಹಗುರ ಐತಿ ಆಕಿದು. ಬಾರ್ ಒತ್ತಿ ಹಿಡಿಯಾಕ ಬರಂಗಿಲ್ಲ."

ಅವಳಿಗೆ ಕೇಳುವಂತೆಯೇ ಹೇಳಿದ್ದೆ. ಮುಂದಿನ ಹಾಡಿನಿಂದ ಅವಳನ್ನು ಬಿಟ್ಟು ಕೀಬೋರ್ಡಿನಲ್ಲೇ ನಡೆಸಿದರು. ಅವಳು ಗಿಟಾರನ್ನು ಚೀಲಕ್ಕೆ ಹಾಕಿಕೊಂಡು, ಹೋಗುವಾಗ ನನ್ನ ಕಾಲು ಮುಟ್ಟಿ, "ಕಲ್ತು ಬರ್ತೀನ್ರಿ ಕಾಕಾ," ಎಂದಳು.

ಮೂರು ತಿಂಗಳ ಮೇಲೆ ಜಂಬಪ್ಪನೆಂಬ ಬುಕ್ಕಸಾಗರದ ರೈತ ಒಂದು ಟ್ವೀಟರ್ ಹಿಡಿದುಕೊಂಡು ಅಂಗಡಿಗೆ ಬಂದ. ಟ್ವೀಟರ್ ಎಂದರೆ ಸಣ್ಣ ಸ್ವರ ಹೊರಡಿಸುವ ಚಿಕ್ಕ ಸ್ಪೀಕರು. ಹಿಂದಿನ ವಾರ ನಾನೇ ಅದನ್ನು ಪರೀಕ್ಷೆ ಮಾಡಿ, ಸುಟ್ಟಿದೆ ಎಂದು ಹೊಸದು ಮಾರಿದ್ದೆ.

"ಏನಪಾ ಜಡೆಪ್ಪ, ಸತ್ತೈತಿ ಅಂದಿ. ಮನಿಗೆ ಹೋಗಿ ಹಚ್ಚಿದ್ರ ಚಿರ್ರ್ ಅಂತ ಬದುಕೇತಿ. ಟೋಪಿ ಹಾಕಾಕ ನಾನಾ ಸಿಕ್ಕಿದ್ನೇನು?"

ಅವನ ಎದುರಿಗೇ ವೈರು ಹಚ್ಚಿದೆ. ನನಗೆ ಏನೂ ಕೇಳಿಸಲಿಲ್ಲ. ಅವನು ಮಾತ್ರ ಕಿವಿಗೆ ಕೈ ಹಚ್ಚಿ ಮುಖ ಸಿಂಡರಿಸಿದ. ಹೊಸದರ ದುಡ್ಡು ಹಿಂದಿರುಗಿಸಿ ಕಳಿಸಿದೆ. ಆಮೇಲೆ ಸುಟ್ಟವೆಂದು ಮೂಲೆಗೆ ಎಸೆದಿದ್ದ ಟ್ವೀಟರುಗಳನ್ನೆಲ್ಲ ಮನೆಗೆ ಒಯ್ದು, ಒಂದೊಂದನ್ನೇ ಹಚ್ಚಿ, ಹೆಂಡತಿ ಯಲ್ಲಕ್ಕನನ್ನು ಕೇಳಿದೆ.

"ಇದು?"

"ಕೇಳ್ತೈತಿ."

"ಇದು?"

"ಅಯ್ಯ, ಬಂದ್ ಮಾಡ್ರಿ, ಕಿವಿ ತೂತು ಬೀಳ್ತಾವು. ಎರಡು ಬಿಟ್ರ ಎಲ್ಲಾನೂ ಕೇಳ್ತಾವು. ನಿಮಗ ಕೇಳ್ವಲ್ದೇನು?"

ಹನ್ನೊಂದರಲ್ಲಿ ಒಂಬತ್ತು ಜೀವಂತ ಇದ್ದವು. ಅವನ್ನೆಲ್ಲ ಮತ್ತೆ ಚೀಲಕ್ಕೆ ತುಂಬಿದೆ.

ಆ ಮೇಲೂ ಒಂದು ತಿಂಗಳು ಸುಮ್ಮನಿದ್ದೆ. ಇದನ್ನು ಹೇಳಲೇಬೇಕು. ಸಣ್ಣ ಸ್ವರಕ್ಕೆ ಕಿವಿ ಹೋದದ್ದು ವಯಸ್ಸಿನಿಂದ, ಅದಕ್ಕೆ ನಾಚಿಕೆಯಿಲ್ಲ. ಆ ಒಂದು ತಿಂಗಳು ನಾನು ನಾಬಿನ ಗೆರೆ ಎಣಿಸಿ, ಐದಕ್ಕೆ ಇಟ್ಟು, ಕಿವಿಯಿಂದಲೇ ಹಚ್ಚಿದಂತೆ ನಟಿಸುತ್ತಾ ತಿರುಗಿದೆ. ಎಲ್ಲರೂ ಮಸ್ತ್ ಎಂದರು. ಪ್ರತಿ ಸಲ ಮಸ್ತ್ ಎಂದಾಗಲೂ ಕಾಲು ಮುಟ್ಟಿದ ಆ ಹುಡುಗಿ ನೆನಪಾಗುತ್ತಿದ್ದಳು.

ಒಂದು ಬೆಳಿಗ್ಗೆ ಕಂಪ್ಲಿ ಬಸ್ ಹತ್ತಿದೆ.

ಅನುಸೂಯಾ ಹೊಲಿಗೆ ಮಿಷಿನ್ನಿನ ಮುಂದಿದ್ದಳು. ನನ್ನನ್ನು ನೋಡಿ ಎದ್ದು, "ಬರ್ರಿ ಕಾಕಾ, ಕುಂದ್ರಿ," ಎಂದು ಸ್ಟೂಲು ಇಟ್ಟಳು. ನಾನು ಬಾಯಿ ತೆರೆಯುವ ಮೊದಲೇ ಗಿಟಾರು ತಂದು, ಅದರ ಪುಟ್ಟ ಆಂಪ್ಲಿಫೈಯರ್ ಹಚ್ಚಿದಳು. "ನೀವು ಹೇಳಿದ್ರಲ್ಲ, ಬಾರ್ ಒತ್ತಿ ಹಿಡೀಬೇಕಂತ. ದಿನಾ ಎರಡು ತಾಸು ಅದನ್ನ ಮಾಡೀನಿ. ಕೇಳ್ರಿ."

ನುಡಿಸಿದಳು. ದಪ್ಪ ಸ್ವರಗಳು ನನಗೆ ಈಗಲೂ ಚೆನ್ನಾಗಿ ಕೇಳುತ್ತವೆ. ಒತ್ತಿದ ಒತ್ತಿಗೆ ತಂತಿ ಬಗ್ಗಿ ಶ್ರುತಿ ಏರುತ್ತಿತ್ತು. ಜಾರಬೇಕಾದ ಸ್ವರ ಕುಂಟುತ್ತಿತ್ತು. ಒಳಗಿನಿಂದ ಅವಳ ಅತ್ತೆ ವಿರುಪಮ್ಮ ಗದರಿದಳು, "ಮೊದ್ಲು ಛಲೋ ಬಾರಿಸ್ತಿದ್ಲಪಾ. ಯಾವ ಪುಣ್ಯಾತ್ಮ ಏನ್ ಹೇಳಿದ್ನೋ, ಈಗ ಹಂಡೆ ಎಳದಂಗ ಕೇಳ್ತೈತಿ."

"ಆ ಪುಣ್ಯಾತ್ಮ ನಾನವ್ವ," ಎಂದೆ.

ಎಲ್ಲ ಹೇಳಿದೆ. ಕಿವಿಯದು, ಎಂಟರದು, ನೋಡಿಯೂ ಸುಮ್ಮನಿದ್ದದ್ದು, ಆಮೇಲಿನ ಒಂದು ತಿಂಗಳದ್ದು. ಅನುಸೂಯಾ ಬಾರನ್ನು ಕೈಯಲ್ಲೇ ಹಿಡಿದು ಕೂತಿದ್ದಳು. ಒತ್ತಿ ಒತ್ತಿ ಬೆರಳ ತುದಿಗಳು ಕಪ್ಪಗೆ ಗಟ್ಟಿಯಾಗಿದ್ದವು. ನಾನು ಫೋನು ತೆಗೆದು, ಅವಳಿಗೂ ಕೇಳುವಂತೆ ಮಾಡಿ, ಲಿಂಗರಾಜನಿಗೆ ಹಚ್ಚಿದೆ.

"ಸಂಡೂರಾಗ ತಪ್ಪು ಆಕಿದಲ್ಲಪಾ. ನಂದು. ನನಗ ಸಣ್ಣ ಸ್ವರ ಕೇಳಂಗಿಲ್ಲ. ಸುಳ್ಳು ಹೇಳಿದ್ದೆ."

"ಇಪ್ಪತ್ತು ವರ್ಷ ನಿಮ್ಮನ್ನ ನಂಬೀನಿ ಕಾಕಾ," ಎಂದ ಲಿಂಗರಾಜ್. ಮತ್ತೆ, "ಆಕಿಗೆ ಐತವಾರ ಕಮಲಾಪುರಕ್ಕ ಬಾ ಅನ್ರಿ. ಸೆಟ್ಟಿಗೆ ಬ್ಯಾರೇದವ್ರನ್ನ ಕರಸ್ತೀನಿ," ಎಂದ.

ಅನುಸೂಯಾ ಫೋನಿನತ್ತ ಬಾಗಿದಳು. "ಐತವಾರ ಆಗಂಗಿಲ್ರಿ ಅಣ್ಣ. ಕೈ ಕೆಟ್ಟೈತಿ. ತಿದ್ದಿಕೊಳ್ಳಾಕ ಟೈಮ್ ಬೇಕು."

ಫೋನು ಇಟ್ಟ ಮೇಲೆ ಅವಳು ಬೈಯುತ್ತಾಳೆಂದು ಕಾದೆ. ಬೈದಿದ್ದರೆ ಚೆನ್ನಾಗಿತ್ತು. ಅವಳು ಬಾರನ್ನು ತಂತಿಯ ಮೇಲೆ ಬರೀ ತಾಗುವಷ್ಟು ಇಟ್ಟು ಮೆಲ್ಲಗೆ ಎಳೆದಳು. ಟ್ರೆಬಲ್ ನಾಬು ಮುಟ್ಟಿ, ರೂಢಿಯ ಮೇಲೆ ನನ್ನ ಮುಖ ನೋಡಿದಳು.

"ಈಗ ಹೆಂಗೈತ್ರಿ?"

"ನನಗ ಗೊತ್ತಾಗಂಗಿಲ್ಲವ್ವ," ಎಂದೆ.

ಅವಳು ಒಳಗೆ ತಿರುಗಿ ಕೂಗಿದಳು, "ಅತ್ತೀ, ಇಲ್ಲಿ ಬಂದು ಮುಂದ ಕುಂದ್ರು. ಕಿವಿಗೆ ಚುಚ್ಚಿದ್ರ ಹೇಳು."

ನಾನು ಸ್ಟೂಲಿನಿಂದ ಎದ್ದು ಅದನ್ನು ವಿರುಪಮ್ಮನತ್ತ ಸರಿಸಿದೆ.